ವಿಮಾನದಿಂದ ಮಣ್ಣಿನ ತೇವ ಅಳೆದದ್ದು: ನನ್ನ ಅನುಭವ

ನೈಋತ್ಯ ಫ್ರಾನ್ಸಿನ ಗರೊನ್ ನದಿಯ ಬಯಲಿನಲ್ಲಿ, ಮುಸುಕಿನ ಜೋಳ ಬಿತ್ತುವ ಮುನ್ನ ಹರಗಿ ಮಟ್ಟಮಾಡಿಟ್ಟ ಹೊಲಗಳ ತೇವಾಂಶವನ್ನು ಸಣ್ಣ ವಿಮಾನವೊಂದರಿಂದ ಅಳೆಯುವುದು ನನ್ನ ಸಂಶೋಧನೆಯ ಕೆಲಸವಾಗಿತ್ತು. ನಮ್ಮ ಉಪಕರಣ ತಾನಾಗಿ ಯಾವ ಅಲೆಯನ್ನೂ ಹೊರಡಿಸುತ್ತಿರಲಿಲ್ಲ. ಜಿಪಿಎಸ್ ಉಪಗ್ರಹಗಳು ಹೇಗೂ ಕಳಿಸುತ್ತಿರುವ 1575.42 ಮೆಗಾಹರ್ಟ್ಸ್ ಸಂಕೇತ ನೆಲಕ್ಕೆ ಬಡಿದು ಮರಳುವುದನ್ನು ಹಿಡಿಯುತ್ತಿತ್ತು, ಅಷ್ಟೆ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಮ್ಯಾನುಯೆಲ್ ಮಾರ್ಟಿನ್-ನೇರಾ 1993ರಲ್ಲಿ ಈ ವಿಚಾರವನ್ನು ಮುಂದಿಟ್ಟದ್ದು ಸಮುದ್ರಮಟ್ಟ ಅಳೆಯಲೆಂದು. ಮಣ್ಣಿಗೆ ಅದು ಬಂದದ್ದು ಆಮೇಲೆ.

ವಿಮಾನದ ಬೆನ್ನ ಮೇಲೊಂದು, ಹೊಟ್ಟೆಯಡಿ ಒಂದು, ಹೀಗೆ ಎರಡು ಆಂಟೆನಾಗಳಿದ್ದವು. ಬಲಸುತ್ತಿನ ಧ್ರುವೀಕರಣದಲ್ಲಿ, ಎಂದರೆ ಅಲೆಯ ಕಂಪನ ಬಲಕ್ಕೆ ಸುತ್ತುತ್ತ, ಬರುವ ಸಂಕೇತವು ನೆಲದಿಂದ ಮರಳುವಾಗ ಬಹುಪಾಲು ಎಡಸುತ್ತಿಗೆ ತಿರುಗುವುದರಿಂದ ಕೆಳಗಿನದು ಎಡಸುತ್ತಿನ ಆಂಟೆನಾ. ಮಣ್ಣಿನ ಮೇಲ್ಮೈ ನುಣುಪಾಗಿದ್ದರೆ, ಒಣ ಮಣ್ಣು ತನ್ನ ಮೇಲೆ ನೆಟ್ಟಗೆ ಬಿದ್ದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನು ಮರಳಿಸಿದರೆ, ಚೆನ್ನಾಗಿ ನೆನೆದದ್ದು ಹತ್ತರಲ್ಲಿ ನಾಲ್ಕು ಪಾಲಿನಷ್ಟನ್ನು ಮರಳಿಸುತ್ತದೆ. ಎಂದರೆ ಒಣ ಹೊಲಕ್ಕೂ ಕೆಸರಿಗೂ ಇರುವ ಅಂತರವೆಲ್ಲ ನಾಲ್ಕು ಪಟ್ಟು ಶಕ್ತಿ, ಡೆಸಿಬೆಲ್ ಅಳತೆಯಲ್ಲಿ ಸುಮಾರು 6. ಸಡಿಲವಾದ ಕೇಬಲ್ ಒಂದೇ ಅದರಲ್ಲಿ ಅರ್ಧ ಡೆಸಿಬೆಲ್ ನುಂಗಬಲ್ಲದು. ಅದಕ್ಕೇ ಪ್ರತಿ ಹಾರಾಟದ ಮೊದಲು ಮತ್ತು ಕೊನೆಗೆ, ಗಾಳಿಯಿಲ್ಲದ ಹೊತ್ತು ನೋಡಿ, ಕೆರೆಯೊಂದರ ಮೇಲೆ ಹಾದುಹೋಗುತ್ತಿದ್ದೆವು; ನಿಂತ ನೀರು ಎಷ್ಟು ಮರಳಿಸುತ್ತದೆಂಬುದು ಲೆಕ್ಕದಿಂದಲೇ ಗೊತ್ತು. ನೆಲದ ಮೇಲಿನ ಗೆಳೆಯರು ಐದು ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆದು, ತೂಗಿ, 105 ಡಿಗ್ರಿಯ ಒಲೆಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ಮತ್ತೆ ತೂಗುತ್ತಿದ್ದರು. ಬೇಸರದ ಕೆಲಸ, ಆದರೆ ನಮ್ಮನ್ನು ಉಳಿಸಿದ್ದು ಅದೇ.

ಒಂದು ದಿನ ಮೋಡ ಕೆಳಗಿಳಿದದ್ದರಿಂದ, ಎಂದಿನ 500 ಮೀಟರಿನ ಬದಲು 150 ಮೀಟರ್ ಎತ್ತರದಲ್ಲೇ ಹಾರಿದೆವು. ಫಲಿತಾಂಶದಲ್ಲಿ ಹೊಲಗಳು ಮಳೆ ಬಿದ್ದಂತೆ ತೇವವಾಗಿ ಕಂಡವು. ಗೆಳೆಯರ ಚೀಲದಲ್ಲಿದ್ದದ್ದೋ ಹಿಡಿದರೆ ಉಂಡೆ ಕಟ್ಟದೆ ಪುಡಿಯಾಗುವ ಮಣ್ಣು. ಎರಡು ವಾರ, ಸಂಕೇತವನ್ನು ಬಲಪಡಿಸುವ ವರ್ಧಕವನ್ನು ಶಂಕಿಸಿದೆ, ಆಂಟೆನಾ ಬಿಚ್ಚಿ ಮತ್ತೆ ಕೂಡಿಸಿದೆ. ಕೊನೆಗೆ, ಒಂದು ಸೆಕೆಂಡಿನ ಸರಾಸರಿಯನ್ನು ಬಿಟ್ಟು 20 ಮಿಲಿಸೆಕೆಂಡಿಗೊಂದರಂತೆ ಶಕ್ತಿಯ ಗೆರೆ ಎಳೆದು ನೋಡಿದಾಗ, ಅದು ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತಿತ್ತು. ಮಣ್ಣು ಹಾಗೆ ಕುಣಿಯುವುದಿಲ್ಲ.

ಜಿಪಿಎಸ್ ಸಂಕೇತ ಹೊತ್ತು ತರುವ ನಾಗರಿಕ ಕೋಡಿಗೆ ಸಿ/ಎ ಎಂದು ಹೆಸರು; ಅದರ ಒಂದು ತುಣುಕು, ಎಂದರೆ ಒಂದು ಚಿಪ್, ಸುಮಾರು 293 ಮೀಟರ್ ಉದ್ದ. ಅದಕ್ಕಿಂತ ಕಡಿಮೆ ಅಂತರದಲ್ಲಿ ಬಂದ ಎರಡು ಸಂಕೇತಗಳನ್ನು ಚೆನ್ನಾಗಿ ಬೇರ್ಪಡಿಸಲಾಗದು. 150 ಮೀಟರ್ ಎತ್ತರದಲ್ಲಿ, ದಿಗಂತದಿಂದ 30 ಡಿಗ್ರಿ ಮೇಲಿರುವ ಉಪಗ್ರಹದ ಸಂಕೇತವು ನೆಲ ಮುಟ್ಟಿ ಬರಲು ನೇರ ಸಂಕೇತಕ್ಕಿಂತ 150 ಮೀಟರ್ ಮಾತ್ರ ಹೆಚ್ಚು ದೂರ ಸಾಗುತ್ತದೆ. ಕೆಳಗಿನ ಆಂಟೆನಾದ ಹಿಂಬದಿಯಿಂದ ನುಸುಳಿದ ನೇರ ಸಂಕೇತ ಮತ್ತು ನೆಲದಿಂದ ಮರಳಿದ ಸಂಕೇತ ಹೀಗೆ ಒಂದೇ ಚಿಪ್ಪಿನೊಳಗೆ ಬೆರೆತಿದ್ದವು. ವಿಮಾನ ಒಂದು ತರಂಗದಷ್ಟು, ಎಂದರೆ 19 ಸೆಂಟಿಮೀಟರ್, ಮೇಲೆ ಕೆಳಗೆ ಆದರೂ ಸಾಕು, ಎರಡೂ ಒಮ್ಮೆ ಕೂಡಿ ಒಮ್ಮೆ ಕಳೆದು ಪೂರ್ತಿ ಒಂದು ಸುತ್ತು ಆಗುತ್ತಿತ್ತು. ನಮ್ಮ ಸರಾಸರಿಯು ಈ ಅಲುಗಾಟವನ್ನು ಅಳಿಸಿ, ನುಸುಳಿ ಬಂದ ಕಳ್ಳಶಕ್ತಿಯನ್ನು ಮಾತ್ರ ಉಳಿಸಿಕೊಂಡಿತ್ತು; ಒಣ ಹೊಲ ತೇವವಾಗಿ ಕಂಡದ್ದು ಅದಕ್ಕೇ.

ಆ ಹಾರಾಟದಲ್ಲಿ, ಒಂದು ಚಿಪ್‌ಗಿಂತ ತುಸು ಹೆಚ್ಚು ಅಂತರ ಸಿಕ್ಕಿದ್ದರಿಂದ, ನೆತ್ತಿಯ ಮೇಲಿದ್ದ ಒಂದೇ ಉಪಗ್ರಹ ಬಳಕೆಗೆ ಬಂತು. ಮುಂದೆ ಮೋಡವಿದ್ದ ದಿನ ಹಾರಲಿಲ್ಲ. 500 ಮೀಟರಿನಲ್ಲಿ 35 ಡಿಗ್ರಿಗಿಂತ ಮೇಲಿನ ಉಪಗ್ರಹಗಳನ್ನಷ್ಟೇ ತೆಗೆದುಕೊಂಡರೆ ಎರಡು ಚಿಪ್‌ಗಳಷ್ಟು ಅಂತರ ಸಿಗುತ್ತಿತ್ತು. ಜಿಪಿಎಸ್ 1176.45 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಎಲ್5 ಎಂಬ ಇನ್ನೊಂದು ಸಂಕೇತದಲ್ಲಿ ಚಿಪ್ ಹತ್ತನೆಯ ಒಂದು ಪಾಲಿನಷ್ಟೇ ಉದ್ದವಿರುವುದರಿಂದ ಈ ತೊಡಕು ಬಹಳ ಕಡಿಮೆ. ಕರ್ನಾಟಕದಲ್ಲಿ ಇದನ್ನು ಮಾಡಹೊರಟವರು ಜಿಪಿಎಸ್‌ನಂಥದೇ ಭಾರತದ ವ್ಯವಸ್ಥೆಯಾದ ನಾವಿಕ್ ಕೂಡ ಅದೇ 1176.45 ಮೆಗಾಹರ್ಟ್ಸ್‌ನಲ್ಲಿದೆಯೆಂದು ಅದೇ ಲೆಕ್ಕ ಹಾಕಬಾರದು. ಅದರ ನಾಗರಿಕ ಕೋಡಿನ ಚಿಪ್ ಸಿ/ಎ ಕೋಡಿನಷ್ಟೇ ಉದ್ದ.