ಬೂಸ್ಟು ಹಿಡಿದ ಬಣವೆ ಬಿಚ್ಚುವ ಮುನ್ನ

ರಾಶಿ ಹೊತ್ತಿಗೆ ಮಳೆ ಹಿಡಿದರೆ ಹಾವೇರಿ, ಗದಗ ಕಡೆ ಗೋವಿನಜೋಳದ ಸೊಪ್ಪೆ, ಶೇಂಗಾ ಹೊಟ್ಟು ಅರೆಹಸಿಯಾಗಿಯೇ ಬಣವೆ ಸೇರುತ್ತವೆ. ಒಳಗೆ ಕಾವು ಏರಿ ಬೂಸ್ಟು ಹಿಡಿಯುತ್ತದೆ. 40ರಿಂದ 60 ಡಿಗ್ರಿ ಬಿಸಿಯಲ್ಲೇ ಚೆನ್ನಾಗಿ ಬೆಳೆಯುವ ಸೂಕ್ಷ್ಮಾಣುಗಳೂ ಇವೆ. ಬಣವೆ ಕಿತ್ತಾಗ ಹೊಗೆಯಂತೆ ಏಳುವ ಬಿಳಿಪುಡಿಯಲ್ಲಿ ಇವೇ ತುಂಬಿರುತ್ತವೆ. ಮೂಗಿನಲ್ಲಿ ನಿಲ್ಲದಷ್ಟು ನುಣುಪಾದ ಪುಡಿ, ಸೀದಾ ಶ್ವಾಸಕೋಶದ ತುದಿಗೆ ಇಳಿದು ಕಾಯಿಲೆ (ಫಾರ್ಮರ್ಸ್ ಲಂಗ್) ತರುತ್ತದೆ.

ಮೋಸವಾಗುವುದು ಹೊತ್ತಿನ ಲೆಕ್ಕದಲ್ಲಿ. ಬೆಳಿಗ್ಗೆ ಮೇವು ಕಿತ್ತರೆ ಚಳಿಜ್ವರ, ಒಣಕೆಮ್ಮು, ಏದುಸಿರು ಬರುವುದು 4ರಿಂದ 8 ತಾಸಿನ ಮೇಲೆ, ಅಂದರೆ ಸಂಜೆಗೆ. ಒಂದೆರಡು ದಿನದಲ್ಲಿ ತಾನೇ ಇಳಿಯುವುದರಿಂದ ನೆಗಡಿಜ್ವರವೆಂದು ಗುಳಿಗೆ ನುಂಗಿ ಮತ್ತೆ ಅದೇ ಬಣವೆಗೆ ಕೈ ಹಾಕುತ್ತಾರೆ. ವರ್ಷಗಟ್ಟಲೆ ಹೀಗಾದರೆ ಶ್ವಾಸಕೋಶ ಕಲೆಗಟ್ಟಿ ಬಿರುಸಾಗುತ್ತದೆ, ಆ ಕಲೆ ಹೋಗುವುದಿಲ್ಲ. ಕೆಲವರಿಗೆ ಜ್ವರವೇ ಇರದು. ದಮ್ಮು, ಸುಸ್ತು, ತೂಕ ಇಳಿಯುವುದು ಮಾತ್ರ.

ಒಟ್ಟುವ ಮುಂಚೆ ದಂಟು ಮುರಿದು ನೋಡಿ: ಚಟ್ ಎಂದರೆ ಒಣಗಿದೆ, ಬಾಗಿದರೆ ಇನ್ನೂ ಬಿಸಿಲು ಬೇಕು. ನೆಲಕ್ಕೆ ತಾಗದಂತೆ ಕಲ್ಲು, ಕಟ್ಟಿಗೆ ಹಾಕಿ ಅದರ ಮೇಲೆ ಒಟ್ಟಿ. ತಾಡಪತ್ರಿಯನ್ನು ನೆತ್ತಿಗಷ್ಟೇ ಹೊದಿಸಿ. ಸುತ್ತಲೂ ಬಿಗಿದರೆ ಬೆವರು ಒಳಗೇ ಉಳಿಯುತ್ತದೆ. ನಾಲ್ಕೈದು ದಿನ ಬಿಟ್ಟು ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿ ಕಾಲು ತಾಸು ಬಿಡಿ. ತೆಗೆದಾಗ ಹಿಡಿಯಲಾಗದಷ್ಟು ಬಿಸಿಯಿದ್ದರೆ ಅಂದೇ ಬಿಚ್ಚಿ ಹರವಬೇಕು. ಬೆಂಕಿ ಹತ್ತುವ ಭಯವೂ ಇದೆ, ನೀರು ಹತ್ತಿರ ಇಟ್ಟುಕೊಂಡೇ ಬಿಚ್ಚಿ.

ಬೂಸ್ಟು ಹಿಡಿದದ್ದನ್ನು ಕೀಳುವಾಗ ಒಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡಿ, ಗಾಳಿ ಬೆನ್ನಿಗೆ ಬರುವಂತೆ ನಿಲ್ಲಿ. ಮೇಲೆ ನೀರು ಚಿಮುಕಿಸಿದರೆ ಪುಡಿ ಕೂರುತ್ತದೆ. ಬೂಸ್ಟಾದ ಭಾಗ ದನಕ್ಕೆ ಬೇಡ, ತಿಪ್ಪೆಗೆ ಹಾಕಿ. ನೀರು ತಗುಲಿದ ಒಳ್ಳೆಯ ಮೇವನ್ನು ಅಂದೇ ತಿನ್ನಿಸಿ. ಮುಚ್ಚಿದ ದನದ ಕೊಟ್ಟಿಗೆಯೊಳಗೆ ಮೇವು ಕೊಡವುವುದಂತೂ ಬೇಡವೇ ಬೇಡ.

ಮುಖಕ್ಕೆ ಸುತ್ತಿದ ಟವೆಲ್ ಕಡ್ಡಿಕಸ ತಡೆದೀತು, ಈ ಪುಡಿಯನ್ನಲ್ಲ. ಎರಡು ಪಟ್ಟಿಯ ಎನ್-95 ಮಾಸ್ಕ್ ಬೇಕು. ಮೂಗಿನ ಮೇಲಿನ ತಗಡು ಒತ್ತಿ ಜೋರಾಗಿ ಉಸಿರು ಬಿಡಿ. ಅಂಚಿನಿಂದ ಗಾಳಿ ಸೋರಿದರೆ ಮತ್ತೆ ಕೂರಿಸಿ. ಗಡ್ಡದ ಮೇಲೆ ಅದು ಕೂರುವುದಿಲ್ಲ, ಗಡ್ಡ ಬಿಟ್ಟವರು ಈ ಕೆಲಸ ಬೇರೆಯವರಿಗೆ ಬಿಡುವುದೇ ಸರಿ. ಒದ್ದೆಯಾದರೆ, ಉಸಿರೆಳೆಯಲು ಬಿಗಿಯೆನಿಸಿದರೆ ಬದಲಿಸಿ.

ಈಗಾಗಲೇ ದಮ್ಮು ಶುರುವಾಗಿದ್ದರೆ ಹುಬ್ಬಳ್ಳಿಯ ಹಳೆಯ ಕಿಮ್ಸ್, ಈಗಿನ ಕೆಎಂಸಿಆರ್‌ಐ‌ನಂಥ ದೊಡ್ಡ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ತೋರಿಸಿ. "ಕೆಮ್ಮು ಐತ್ರಿ" ಎಂದಷ್ಟೇ ಹೇಳಬೇಡಿ; ಯಾವ ಮೇವು, ಎಷ್ಟು ತಾಸಿಗೆ ಜ್ವರ, ವರ್ಷಕ್ಕೆ ಎಷ್ಟು ಸಲ ಎಂಬುದನ್ನು ಬರೆದುಕೊಂಡು ಹೋಗಿ. ಎಕ್ಸ್‌ರೇ ಸರಿಯಾಗಿ ಕಂಡರೂ ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆ, ಸಿಟಿ ಸ್ಕ್ಯಾನ್ ಬೇಕಾಗಬಹುದು. ಔಷಧಿ ಅಂಗಡಿಯಿಂದ ನೀವೇ ಸ್ಟೀರಾಯ್ಡ್ ಗುಳಿಗೆ ತಂದು ನುಂಗಬೇಡಿ.