ಆಪರೇಷನ್ ಆದಮೇಲಿನ ನೋವನ್ನು ಡಾಕ್ಟರ್ ಕಿವಿಗೆ ಹಾಕಿಕೊಳ್ಳದಿದ್ದರೆ

ಹಾಸನದಲ್ಲಿ ನನಗೆ ಹರ್ನಿಯಾ ಆಪರೇಷನ್ ಆಗಿತ್ತು. ನಾಲ್ಕನೇ ದಿನ ನೋವು ಇಳಿಯುವ ಬದಲು ಏರುತ್ತಿತ್ತು. "ಹೊಲಿಗೆ ಹಾಕಿದ್ಮೇಲೆ ನೋವು ಇರಲ್ವೇನಮ್ಮ" ಅಂದರು ಡಾಕ್ಟರ್. ನಾನೂ ಸುಮ್ನಾದೆ. ಅದೇ ತಪ್ಪು.

"ತುಂಬಾ ನೋವು ಸರ್" ಅಂದರೆ ಸಾಲದು, ಲೆಕ್ಕ ಕೊಡಿ. ಹತ್ತಕ್ಕೆ ಎಷ್ಟು ನೋವು, ಯಾವ ಮಾತ್ರೆ ತಗೊಂಡಿರಿ, ಅದು ಎಷ್ಟು ಹೊತ್ತು ತಡೆಯಿತು, ಜ್ವರ ಎಷ್ಟು ಅಂತ ಗಂಟೆ ಸಮೇತ ಬರೆದಿಡಿ. "ಮಾತ್ರೆ ತಗೊಂಡ್ರೂ ರಾತ್ರಿ 2 ಗಂಟೆಗೆ 8 ಇತ್ತು, ಮಂಚದಿಂದ ಏಳೋಕೇ ಆಗ್ಲಿಲ್ಲ" ಅಂದಾಗ ಅವರ ಕೈಗೆ ಪೆನ್ನು ಬರುತ್ತದೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. (ಗಂಡಸರು ಹೇಳಿದರೆ ಬೇಗ ಕೇಳುತ್ತಾರೆ, ಬೇಜಾರಿನ ಮಾತು ಅಲ್ವಾ.)

ನೇರವಾಗಿ ಕೇಳಿ: "ಇದು ಸೋಂಕಲ್ಲ ಅಂತ ಹೇಗೆ ಗೊತ್ತಾಯ್ತು ಸರ್? ಟೆಸ್ಟ್ ಬೇಡ ಅಂದ್ರೆ ಅದನ್ನೇ ಚೀಟಿಯಲ್ಲಿ ಬರೆದುಕೊಡಿ."

ಆಗಲೂ ಕೇಳದಿದ್ದರೆ ಬೇರೆ ಸರ್ಜನ್‌ಗೆ ತೋರಿಸಿ, ಹಾಸನದಲ್ಲಿ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಇದೆಯಲ್ಲ. ನಿಮ್ಮ ಚಿಕಿತ್ಸೆಯ ದಾಖಲೆ ಬೇಕೆಂದು ಮೊದಲಿನ ಡಾಕ್ಟರಿಗೆ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು, ಅದು 2002ರ ವೈದ್ಯಕೀಯ ಮಂಡಳಿಯ ನಿಯಮ.

100.4 ಡಿಗ್ರಿ ದಾಟಿದ ಜ್ವರ, ಗಾಯದಲ್ಲಿ ಕೀವು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವಕ್ಕೆ ನಾಳೆಯ ಒಪಿಡಿ ಕಾಯಬೇಡಿ. ಉಸಿರಾಡಲು ಕಷ್ಟವಾದರೆ ತಕ್ಷಣ 108ಕ್ಕೆ ಫೋನ್ ಮಾಡಿ.