ಹೊಗಳಿಕೆ ಹೊಡೆದು ಹಾಕಿದೆ, ಪದಕ ಬಂತು

ಧಾರವಾಡದಿಂದ ಹೋದ ಹೆಸರಿಗೆ ಯುವ ವಿಜ್ಞಾನಿ ಪದಕ ಬರೋದಿಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. "ಸರ, ಯಾಕ ಸುಮ್ನ ತಲಿ ಕೆಡಿಸ್ಕೋತೀರಿ? ಅದೆಲ್ಲಾ ಪುಣೆ, ಬೆಂಗಳೂರಿನವ್ರಿಗೆ ಇಟ್ಟಿದ್ದು" ಅನ್ನೋರು. ಈ ಸಲ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿ ಹಾವೇರಿ ಕಡೆಯವಳು. ನಮ್ಮಲ್ಲೇ ಎಂ.ಎಸ್ಸಿ. ಮಾಡಿ ರೇಡಿಯೊ ಖಗೋಳಕ್ಕೆ, ಅಂದರೆ ಆಕಾಶದಿಂದ ಬರೋ ರೇಡಿಯೊ ಅಲೆ ಹಿಡಿದು ನೋಡೋ ವಿದ್ಯೆಗೆ ಹೋದಳು. ಪದಕಕ್ಕೆ ಇವಳ ಹೆಸರು ಸೂಚಿಸೋ ಪತ್ರವನ್ನು ಮೊದಲ ಸಲ ಬರೆದವರು ಬೇರೆ ಹಿರಿಯರು. ಅಸಾಧಾರಣ ಪ್ರತಿಭೆ, ಶ್ರಮಜೀವಿ, ವಿನಯವಂತೆ ಅಂತ ಎರಡು ಪುಟ. ಹೆಣ್ಣು ತೋರಿಸೋ ಶಾಸ್ತ್ರದ ಹಾಗಿತ್ತು. ಬರಲಿಲ್ಲ. ಮರುವರ್ಷ ಸೈಟೇಶನ್ ಗ್ರಾಫ್ (ಇವಳ ಪೇಪರನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಲೆಕ್ಕ), ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗು, ಕೊರಿಯರ್ ಅಂತ ನನ್ನ ಜೇಬಿನಿಂದ ಮೂರು-ನಾಲ್ಕು ಸಾವಿರ ಹೋಯಿತು. ಆಗಲೂ ಇಲ್ಲ.

ನಾನು ಪದಕ ಕೊಡೋ ವಿಜ್ಞಾನ ಅಕಾಡೆಮಿಯ ಫೆಲೋ, ಅಂದರೆ ಅದಕ್ಕೆ ಆಯ್ಕೆಯಾದ ಸದಸ್ಯ, ಅಲ್ಲ. ಸಹಿ ಮಾತ್ರ ಫೆಲೋದೇ ಬೇಕು. ಅವರಿಗೆ ಬರೆಯೋಕೆ ಪುರಸೊತ್ತಿರಲ್ಲ. ಹಾಗಾಗಿ ಕರಡು ನಾನೇ ಬರೆದು, ಸಹಿಗೆ ಅಂತ ರೈಲು ಹತ್ತಿ ಪುಣೆಯ ಫೆಲೋ ಒಬ್ಬರ ಹತ್ತಿರ ಹೋದೆ.

ನಮ್ಮ ಕ್ಷೇತ್ರದ ಕಷ್ಟ ಗೊತ್ತಲ್ವಾ, ಒಂದು ಪೇಪರಿಗೆ ಮೂವತ್ತು ಹೆಸರು. ಅದರಲ್ಲಿ ಇವಳ ಪಾಲು ಯಾವುದು? ನಾನು ನಾಲ್ಕೇ ಪೇಪರು ಇಟ್ಟೆ. ಪ್ರತಿಯೊಂದರಲ್ಲೂ ಇವಳು ಮಾಡಿದ್ದೇನು, ಮಾಡದೇ ಇದ್ದಿದ್ದೇನು ಅಂತ ಬರೆದೆ. 'ಈ ವೀಕ್ಷಣೆ ಇವಳದಲ್ಲ' ಅನ್ನೋ ಸಾಲು ನೋಡಿ ಫೆಲೋ ಹೌಹಾರಿದರು. ನಾನು ಬಿಡಲಿಲ್ಲ. ಒಂದು ಕಡೆ ಇಲ್ಲ ಅಂದರೇನೇ ಇನ್ನೊಂದು ಕಡೆ ಹೌದು ಅಂದಿದ್ದನ್ನು ಸಮಿತಿ ನಂಬೋದು.

ಜಾಸ್ತಿ ಬೆವರಿಳಿಸಿದ್ದು ಮುಖ್ಯ ಪ್ಯಾರಾ. ಅದರ ಸಾರ ಇಷ್ಟು: ಪುಣೆ ಹತ್ತಿರದ ಖೋಡದ್‌ನ ಜಿಎಂಆರ್‌ಟಿ ಅನ್ನೋ ರೇಡಿಯೊ ದೂರದರ್ಶಕದಲ್ಲಿ 45 ಮೀಟರಿನ 30 ಡಿಶ್‌ಗಳಿವೆ. ಗ್ಯಾಲಕ್ಸಿಯ ನಡುವಿಂದ ಚಿಮ್ಮೋ ಕಣಗಳ ಧಾರೆ, ಅಂದರೆ ಜೆಟ್, ನಿಂತ ಮೇಲೆ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಮೊದಲು ಸೊರಗುತ್ತವೆ. ಹೈ ಫ್ರೀಕ್ವೆನ್ಸಿಯಲ್ಲಿ ಮಸುಕಾದದ್ದು ಲೋ ಫ್ರೀಕ್ವೆನ್ಸಿಯಲ್ಲಿ ಇನ್ನೂ ಕಾಣುತ್ತದೆ. ಸ್ಪೆಕ್ಟ್ರಮ್ಮಿನ ಇಳಿಜಾರು, ಅಂದರೆ ಫ್ರೀಕ್ವೆನ್ಸಿ ಏರಿದಂತೆ ಹೊಳಪು ಎಷ್ಟು ಇಳಿಯುತ್ತದೆ ಅನ್ನೋದು ನೋಡಿ ಅದರ ವಯಸ್ಸು ಅಂದಾಜು ಮಾಡಬಹುದು. ಆದರೆ ಲೋ ಫ್ರೀಕ್ವೆನ್ಸಿಯಲ್ಲೇ ಅಯಾನುಗೋಳದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಕಾಟ, ಕರೆಂಟು ತಂತಿಯ ಗದ್ದಲ. ಕೆಲಸಕ್ಕೆ ಬಾರದು ಅಂತ ಬದಿಗಿಟ್ಟ ಹಳೇ ಡೇಟಾದಿಂದ ಅಂಥ ಗ್ಯಾಲಕ್ಸಿಗಳನ್ನು ಹೆಕ್ಕಿದ ಕೋಡು ಪೂರ್ತಿ ಇವಳದು.

ಸಮಿತಿಯಲ್ಲಿ ಘನವಸ್ತುಗಳ ಭೌತದವರೂ ಇರುತ್ತಾರೆ, ಕಣಗಳ ಭೌತದವರೂ ಇರುತ್ತಾರೆ, ಖಗೋಳ ಅವರಿಗೆ ಹೊಸದು. ಅದಕ್ಕೆ ಈ ಪ್ಯಾರಾನ ಕೆಮಿಸ್ಟ್ರಿ ಗೆಳೆಯರೊಬ್ಬರಿಗೆ ಗಿರ್ಮಿಟ್ ತಿನ್ನುವಾಗ ಓದಿ ಹೇಳುತ್ತಿದ್ದೆ. ಅವರು ಮೆಣಸಿನಕಾಯಿ ಭಜಿ ಕೆಳಗಿಟ್ಟು "ಇದೇನಂದ್ರಿ?" ಅಂದ ಕಡೆಯೆಲ್ಲ ಪೆನ್ಸಿಲ್ ಗೀಟು. ನಡುವೆ ಇಡೀ ಪತ್ರವನ್ನು ಮೊದಲು ಕನ್ನಡದಲ್ಲೇ ಬರೆದು ನೋಡಿದೆ. ಟೊಳ್ಳು ಮಾತೆಲ್ಲ ತಾನೇ ಉದುರಿತು. ಗ್ರಾಂಟ್ ಅರ್ಜಿಗೂ ಇದನ್ನೇ ಮಾಡಿದೆ. ಅಲ್ಲಿ ನಡೆಯಲಿಲ್ಲ, ಅಲ್ಲಿ ದೊಡ್ಡ ಮಾತೇ ಬೇಕು.

ಅಭಿಪ್ರಾಯ ಕೊಡುವವರಲ್ಲಿ ಒಬ್ಬರು ಆ ಕೋಡು ಬಳಸಿದ, ಇವಳ ಮುಖವನ್ನೇ ನೋಡದ ವಿದೇಶದವರು. ಅವರಿಂದ ವಾರದೊಳಗೆ ಪತ್ರ ತರಿಸಿದ್ದು ಹೇಗೆ ಅಂತ ಇಲ್ಲಿ ಹೇಳಲ್ಲ. ಹೆಸರುಗಳನ್ನು ಯಾವ ಕ್ರಮದಲ್ಲಿ ಕೊಟ್ಟೆ ಅನ್ನೋದೂ ನನ್ನಲ್ಲೇ ಇರಲಿ.

ರೈಲು, ಲಾಡ್ಜು, ಪ್ರಿಂಟು ಎಲ್ಲ ಸೇರಿ ಎಂಟೊಂಬತ್ತು ಸಾವಿರ ಆಗಿರಬಹುದು. ಪೆನ್ಷನ್ ದುಡ್ಡು, ಮನೆಯಲ್ಲಿ ಇನ್ನೂ ಲೆಕ್ಕ ಕೊಟ್ಟಿಲ್ಲ. ಈಗ ಗದಗಿನ ಹುಡುಗನೊಬ್ಬನ ಕಾಗದ ಟೇಬಲ್ ಮೇಲಿವೆ, ಸೌರ ಭೌತದವನು. ವಯಸ್ಸಿನ ಮಿತಿ ಹತ್ತಿರ ಬಂದಿದೆ. ಕರಡು ಕಳಿಸಿ ಅಂತ ಈ ಸಲ ಫೆಲೋನೇ ಫೋನ್ ಮಾಡಿದ್ದರು.